ಎರಡನೇ ಬ್ರೇಕು

ಕಲಿಸುವವನ ಕಾರಿಗೆ ಎರಡು ಬ್ರೇಕು.
ಒಂದು ಕಲಿಯುವವರ ಕಾಲಡಿ,
ಇನ್ನೊಂದು ನನ್ನ ಕಾಲಡಿ.
ಇಪ್ಪತ್ತಾರು ವರ್ಷ ಒತ್ತೀ ಒತ್ತೀ
ಚಪ್ಪಲಿಯಲ್ಲಿ ಬಲದ್ದೇ ಮೊದಲು ಸವೆಯುತ್ತದೆ.
ಬಸ್ಸಿನಲ್ಲಿ ಕೂತರೂ ಒತ್ತುತ್ತೇನೆ.
ಬೀಗರ ಮನೆಯ ಪಂಕ್ತಿಯಲ್ಲಿ
ಸಾರಿನ ಬಕೆಟ್ ಹಿಡಿದವನು ಜೋರಾಗಿ ಬಂದರೆ
ಮೇಜಿನಡಿ ಒತ್ತುತ್ತೇನೆ,
ಹೆಂಡತಿ ತೊಡೆ ಚಿವುಟುತ್ತಾಳೆ.

ಹಿಂದೆಲ್ಲ ಸುಲಭವಿತ್ತು, ಸುಳ್ಳೇಕೆ ಹೇಳಲಿ.
ಇನ್ಸ್‌ಪೆಕ್ಟರು ಹಿಂದಿನ ಸೀಟಿನಲ್ಲಿ ಪೇಪರು ಓದುತ್ತಿದ್ದರು,
ಎಂಟು ಹಾಕುತ್ತಿದ್ದದ್ದು ನನ್ನ ಕಾಲು.
ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದದ್ದು ನನ್ನ ಕಾಲು.
ಲೈಸೆನ್ಸಿನ ಮೇಲೆ ಫೋಟೋ ಮಾತ್ರ ಅವರವರದು.

ಧರಣೇಂದ್ರಯ್ಯನ ಮಗ ಅಜಿತ ಹಾಗೆ ಪಾಸಾದವನು.
ಲಾಡು ತಂದುಕೊಟ್ಟ, ಕಾಲಿಗೂ ಬಿದ್ದ,
ಸರಿಯಾದ ಕಾಲಿಗೇ.
ಮೂರನೇ ವಾರ. ಹೊಳೆನರಸೀಪುರದ ರಸ್ತೆ,
ಮುಚ್ಚಂಜೆ, ಆಲೂಗಡ್ಡೆ ತುಂಬಿದ ಟ್ರ್ಯಾಕ್ಟರಿಗೆ
ಹಿಂದೆ ದೀಪವಿರಲಿಲ್ಲ,
ಅವನ ಪಕ್ಕದ ಸೀಟಿನಲ್ಲಿ ನಾನಿರಲಿಲ್ಲ.
ಬದುಕಿದ್ದಾನೆ. ಅಷ್ಟೇ ಹೇಳುತ್ತೇನೆ.
ಮಹಾರಾಜ ಪಾರ್ಕಿನ ಬಳಿ ಕಂಡರೆ
ವಾಕರ್ ನಿಲ್ಲಿಸಿ "ಚೆನ್ನಾಗಿದ್ದೀರಾ ಮೇಷ್ಟ್ರೇ" ಅನ್ನುತ್ತಾನೆ.
ನಾನು ಒತ್ತುತ್ತೇನೆ. ಫುಟ್‌ಪಾತಿನಲ್ಲಿ. ತಡವಾಗಿ.

ಈಗ ಕಾಯ್ದೆ ಬಿಗಿಯಾಗಿದೆ.
ಎನ್.ಆರ್. ಸರ್ಕಲ್ಲಿನಲ್ಲಿ ಬೋರ್ಡು ಹಾಕಿದ್ದಾರೆ
ದಿನಸಿ ಅಂಗಡಿಯ ಧಾರಣೆ ಪಟ್ಟಿಯ ಹಾಗೆ:
ಲೈಸೆನ್ಸ್ ಇಲ್ಲದ್ದಕ್ಕೆ ಇಷ್ಟು, ಕುಡಿದದ್ದಕ್ಕೆ ಇಷ್ಟು,
ಹುಡುಗನ ಕೈಗೆ ಗಾಡಿ ಕೊಟ್ಟ ಅಪ್ಪನಿಗೆ ಇಷ್ಟು.
ಓದುತ್ತ ನಿಂತವರು "ಒಂದು ಹಸೀನ ರೇಟು ಕಣಪ್ಪಾ" ಅಂದು
ಹೆಲ್ಮೆಟ್ಟಿಗೆ ಮೊಣಕೈಯಿಂದ ತಲೆಗೆ ಬಡ್ತಿ ಕೊಡುತ್ತಾರೆ,
ಡೇರಿ ಸರ್ಕಲ್ ದಾಟಿದ ಮೇಲೆ ಮತ್ತೆ ಮೊಣಕೈಗೆ.
ಟೆಸ್ಟಿನ ಮೈದಾನಕ್ಕೂ ಕ್ಯಾಮೆರಾ ಬಂದಿದೆ,
ಕಂಬಕ್ಕೊಂದು ಕಣ್ಣು.
ನನಗೆ ಒಳಗೆ ಪ್ರವೇಶವಿಲ್ಲ.
ತಂತಿಬೇಲಿಯ ಆಚೆ, ಎಳನೀರಿನವನ ಪಕ್ಕ ನಿಲ್ಲಬೇಕು.

ಶಿವನಂಜಿಗೆ ಐವತ್ತೊಂದು.
ನಗರಸಭೆಯ ಕಸದ ಗಾಡಿಯ ಹಿಂದೆ
ಹತ್ತೊಂಬತ್ತು ವರ್ಷ ಓಡಿದವಳು
ಈಗ ಮುಂದೆ ಕೂರುತ್ತೇನೆ ಅನ್ನುತ್ತಾಳೆ.
"ನಮ್ ಡ್ರೈವರಣ್ಣ ಕುಡ್ದು ಸಿಕ್ಕಾಕ್ಕಂಡ ಸಾ,
ಲೈಸೆನ್ಸು ಹೋಯ್ತು. ಸೀಟು ಖಾಲಿ ಐತೆ."
ಮೂರು ಸಲ ಫೇಲು. ಒಮ್ಮೆ ಕಂಬ ತಗುಲಿ,
ಒಮ್ಮೆ ಇಂಡಿಕೇಟರ್ ಬದಲು ವೈಪರ್ ಹಾಕಿ,
ಒಮ್ಮೆ ಯಾಕೆಂದು ಕಂಪ್ಯೂಟರಿಗೂ ಗೊತ್ತಿಲ್ಲ.

ಇವತ್ತು ನಾಲ್ಕನೆಯದು.
ಎಂಟಿನ ಮೊದಲ ಸೊನ್ನೆ ದುಂಡಗೆ, ರೊಟ್ಟಿ ತಟ್ಟಿದ ಹಾಗೆ.
ಎರಡನೆಯದರಲ್ಲಿ ಹಿಂದಿನ ಚಕ್ರ ಗೆರೆಯ ಕಡೆ ವಾಲಿತು.
ಬೇಲಿಯಾಚೆ ನಾನು ಒತ್ತಿದೆ,
ಮಣ್ಣಿನಲ್ಲಿ ಹಿಮ್ಮಡಿಯಷ್ಟು ಕುಳಿಯಾಯಿತು.
"ಇರುವೆ ಕಚ್ತಾ ಸಾರ್?" ಅಂದ ಎಳನೀರಿನವನು.
ಕಾರು ನಿಲ್ಲಲಿಲ್ಲ. ಗೆರೆ ದಾಟಿತು. ಕೆಂಪು ದೀಪ.

ಸೆರಗಿನಲ್ಲಿ ಮುಖ ಒರೆಸುತ್ತ ಬಂದಳು:
"ನಂದೇ ತಪ್ಪು ಸಾ. ಎಲ್ಲಿ ಅಂತ ಗೊತ್ತಾಯ್ತು."
ಅಜಿತನಿಗೆ ಆ ಮಾತು ಆಡಲು ನಾನು ಬಿಟ್ಟಿರಲಿಲ್ಲ.
ಅವನ ತಪ್ಪುಗಳನ್ನೆಲ್ಲ ಕಾಲಡಿ ಹಾಕಿಕೊಂಡು
ಪ್ಲಾಸ್ಟಿಕ್ಕಿನ ಕಾರ್ಡೊಂದು ಕೊಡಿಸಿದ್ದೆ.

ವಾಪಸ್ಸು ಅವಳೇ ಓಡಿಸಿದಳು, ಎಲ್ ಬೋರ್ಡಿನಲ್ಲಿ.
ಕಟ್ಟಿನಕೆರೆ ಮಾರ್ಕೆಟ್ಟಿನ ಹತ್ತಿರ
ಕೊತ್ತಂಬರಿ ಕಟ್ಟು ಹಿಡಿದ ಮುದುಕರೊಬ್ಬರು
ಎಡಬಲ ನೋಡದೆ ರಸ್ತೆಗಿಳಿದರು.
ಕಾರು ನಿಂತಿತು.
ಮುದುಕರು ಬಾನೆಟ್ಟಿನ ಮೇಲೆ ಕೈಯೂರಿ
ನಮ್ಮಿಬ್ಬರನ್ನೂ ಬೈದು ದಾಟಿ ಹೋದರು.

"ನೀವ್ ಹಿಡಿದ್ರಾ ಸಾ?"
ಬಗ್ಗಿ ನೋಡಿದೆ.
ನನ್ನ ಕಾಲು ಪೆಡಲಿನ ಮೇಲಿರಲಿಲ್ಲ.
ಮ್ಯಾಟಿನ ಮೇಲೆ, ಚಪ್ಪಲಿಯಿಂದ ಹೊರಗೆ,
ಜೋಮು ಹಿಡಿದು ಮಲಗಿತ್ತು.